ತೊಂಬತ್ತಾರು ಮೆಟ್ಟಿಲು

ನಮ್ಮೂರಿಗೆ ಪ್ರವಾಸ ಬಂದವರಿಗೆ ನಾನು ಮೊಟ್ಟಮೊದಲು ಹೇಳುವುದು ನಮಸ್ಕಾರವೂ ಅಲ್ಲ, ಸ್ವಾಗತವೂ ಅಲ್ಲ. "ಹಲ್ಲಿನ ಸೆಟ್ ಹಾಕ್ಕೊಂಡವರು ಯಾರ್ಯಾರ ಅದೀರಿ, ಕೈ ಎತ್ರಿ" ಅನ್ನುತ್ತೇನೆ. ಯಾರೂ ಎತ್ತುವುದಿಲ್ಲ. ಅರವತ್ತು ದಾಟಿದ ಹನ್ನೆರಡು ಮಂದಿ ಬಸ್ಸಿನ ಮುಂದೆ ನಿಂತು, ಬಾಯಲ್ಲಿರುವುದೆಲ್ಲ ಹುಟ್ಟಿನಿಂದ ಬಂದದ್ದೇ ಎಂಬಂತೆ ತುಟಿ ಬಿಗಿಹಿಡಿಯುತ್ತಾರೆ. ನಾನು ಸ್ಟೀಲಿನ ಡಬ್ಬಿ ತೆಗೆದು ತೋರಿಸುತ್ತೇನೆ. "ಈಗ ಬ್ಯಾಡ್ರಿ, ಅರ್ಧ ದಾರಿಗೆ ಹೋದ ಮ್ಯಾಲ ಕೊಡ್ರಿ. ಕೊಡದಿದ್ರ ಒಳಗಿಂದ ನಿಮ್ಮ ಖರೇ ಹಲ್ಲು ಬಂದು ಇದನ್ನ ದೂಡಿ ಒಗೀತಾವ" ಅಂದಾಗ ಮಾತ್ರ ಒಂದೊಂದೇ ಕೈ ಮೇಲೇಳುತ್ತದೆ.

ನಮ್ಮೂರ ಗುಡ್ಡಕ್ಕೆ ಆರುನೂರು ಮೆಟ್ಟಿಲು. ಒಂದು ಮೆಟ್ಟಿಲು ಹತ್ತಿದರೆ ಮೈಯಿಂದ ಒಂದು ತಿಂಗಳು ಕಳೆಯುತ್ತದೆ, ಇಳಿದರೆ ಮತ್ತೆ ಕೂಡುತ್ತದೆ. ತುದಿ ಮುಟ್ಟುವ ಹೊತ್ತಿಗೆ ಐವತ್ತು ವರ್ಷ ಹಿಂದೆ. ಕಳೆಯುವುದು ಮೈಯ ವಯಸ್ಸು ಮಾತ್ರ. ನೆನಪು, ಹಟ, ಹಳೆಯ ಜಗಳ ಯಾವುದೂ ಒಂದು ಮೆಟ್ಟಿಲಿನಷ್ಟೂ ಹಿಂದೆ ಸರಿಯುವುದಿಲ್ಲ. ಹರೆಯದವರು ತುದಿಗೆ ಹೋದರೆ ಏನಾಗುತ್ತದೆ ಎಂದು ಪ್ರತಿ ಬಸ್ಸಿನಲ್ಲೂ ಒಬ್ಬ ಜಾಣ ಕೇಳಿಯೇ ಕೇಳುತ್ತಾನೆ. ನನ್ನಜ್ಜನ ಕಾಲದಲ್ಲಿ ಒಬ್ಬ ಹೋಗಿದ್ದ. ಅವನ ಚಪ್ಪಲಿ ಸಿಕ್ಕವು. ಅಂದಿನಿಂದ ಅರವತ್ತು ತುಂಬಿದವರಿಗೆ ಮಾತ್ರ ಮೇಲೆ ಹೋಗಲು ಅವಕಾಶ, ಗೈಡುಗಳಿಗೂ ಅದೇ ಕಟ್ಟಳೆ. ನನ್ನ ಹೆಸರು ಫಕೀರವ್ವ, ವಯಸ್ಸು ಅರವತ್ತೊಂಬತ್ತು. ಬೇರೆ ಊರಲ್ಲಿ ಈ ವಯಸ್ಸಿನವರನ್ನು ಕೆಲಸ ಬಿಡಿಸಿ ಮನೆಗೆ ಕಳಿಸುತ್ತಾರೆ, ನಮ್ಮೂರಲ್ಲಿ ಮನೆಯಿಂದ ಕರೆದು ಕೆಲಸ ಕೊಡುತ್ತಾರೆ.

ಊರವರಿಗೆ ಇದೆಲ್ಲ ನಲ್ಲಿಯ ನೀರಿನಷ್ಟು ಮಾಮೂಲು. ಕಣ್ಣು ಮಂಜಾದ ಮುದುಕಿಯರು ಒಂದಿಷ್ಟು ದೂರ ಹತ್ತಿ, ಹತ್ತಾರು ಸೂಜಿಗೆ ಒಮ್ಮೆಲೇ ದಾರ ಪೋಣಿಸಿಕೊಂಡು ಬರುತ್ತಾರೆ. ಚುನಾವಣೆಗೆ ನಿಂತವರು ಫೋಟೋ ತೆಗೆಸಿಕೊಳ್ಳಲು ಇನ್ನೂರನೇ ಮೆಟ್ಟಿಲಲ್ಲಿ ಸರದಿ ನಿಲ್ಲುತ್ತಾರೆ. ಮೇಲೆ ಯಾರಾದರೂ ಕೈ ಕೈ ಮಿಲಾಯಿಸುವ ಮಟ್ಟಕ್ಕೆ ಬಂದರೆ, "ಕೆಳಗ ಬಂದು ಬಡದಾಡ್ರಿ" ಎಂದು ಹಿರಿಯರು ಕಳಿಸಿಬಿಡುತ್ತಾರೆ. ಕೆಳಗೆ ಬರುವಷ್ಟರಲ್ಲಿ ಇಬ್ಬರಿಗೂ ಕೈ ಎತ್ತಲು ಆಗಿರುವುದಿಲ್ಲ. ಮೆಟ್ಟಿಲಿಗೊಂದು ತಿಂಗಳು ಎಂಬ ಲೆಕ್ಕವನ್ನು ಮಾತ್ರ ನಾವು ಹೊರಗಿನವರಿಗೆ ಹೇಳುವುದಿಲ್ಲ. ಹೇಳಿದರೆ ಗುಡಿ ಗೋಪುರ ಬಿಟ್ಟು ಮೆಟ್ಟಿಲು ಎಣಿಸುತ್ತ ಕೂಡುತ್ತಾರೆ. "ಹತ್ತಿದಂಗ ಹುರುಪು ಬರ್ತೈತ್ರಿ" ಅನ್ನುತ್ತೇವೆ, ಅಷ್ಟೇ.

ಆ ದಿನ ಬಸ್ಸಿನಿಂದ ಇಳಿದವರಲ್ಲಿ ಒಂದು ಜೋಡಿ ಇತ್ತು. ಗಂಡ ರುದ್ರಮುನಿಯಪ್ಪನವರು, ತಾಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು, ಅರವತ್ತೆಂಟು ವರ್ಷ. ಬಿಳಿ ಮೀಸೆಯನ್ನು ಎಣ್ಣೆ ಹಚ್ಚಿ ತಿರುವಿದ್ದರು, ಹೊಟ್ಟೆ ಅವರಿಗಿಂತ ಎರಡು ಹೆಜ್ಜೆ ಮುಂದೆ ನಡೆಯುತ್ತಿತ್ತು. ಹೆಂಡತಿ ನೀಲಗಂಗಮ್ಮ ಗಿಡ್ಡನೆಯ, ಸಣ್ಣ ಮೈಯ ಹೆಂಗಸು. ಗಂಡನ ಬೆನ್ನಿಗೆ ಎರಡು ಹೆಜ್ಜೆ ಹಿಂದೆ. ಆಕೆ ಬಾಯಿ ತೆರೆದರೆ ಸಾಕು, ಗಂಡನಿಂದ ಒಂದೇ ಮಾತು ಬರುತ್ತಿತ್ತು. "ಏ, ಸುಮ್ನಿರು. ನಿನಗೇನ್ ತಿಳೀತೈತಿ? ನಿನಗಿಂತ ಎರಡು ದೀಪಾವಳಿ ಹೆಚ್ಚಿಗಿ ನೋಡೇನಿ ನಾ." ಬಸ್ಸಿನಿಂದ ಗುಡಿಗೆ ನಡೆಯುವಷ್ಟರಲ್ಲಿ ಈ ಎರಡು ದೀಪಾವಳಿಯನ್ನು ನಾನು ನಾಲ್ಕು ಸಲ ಕೇಳಿದೆ.

ನಮ್ಮ ಪ್ರವಾಸದ ಕ್ರಮ ಹೀಗೆ. ಬೆಳಿಗ್ಗೆ ಊರಿನ ಗುಡಿ, ದೇಸಾಯರ ವಾಡೆ, ಆಮೇಲೆ ಗುಡ್ಡ, ಗುಡ್ಡದ ಮೇಲೆ ಭಜಿ, ಗಿರ್ಮಿಟ್, ಸಂಜೆ ಐದಕ್ಕೆ ವಾಪಸ್ಸು. ಬುಡದ ಗುಡಿಯಲ್ಲಿ ನಮ್ಮ ದೇವರು ಕೋಲೂರಿದ ಮುದುಕ. ನಡುವಿನ ಗುಡಿಯಲ್ಲಿ ಅದೇ ದೇವರು ಬಾಸಿಂಗ ಕಟ್ಟಿದ ಮದುಮಗ. ತುದಿಯಲ್ಲಿ ತೊಟ್ಟಿಲ ಕೂಸು. ದೇವರೇ ಮೆಟ್ಟಿಲಿನ ಕಾಟದಿಂದ ತಪ್ಪಿಸಿಕೊಳ್ಳಲಿಲ್ಲ ಅಂದಮೇಲೆ ನಾವು ಯಾವ ಲೆಕ್ಕ? ವಾಡೆಯ ದೇಸಾಯರಂತೂ ಮುನ್ನೂರನೇ ಮೆಟ್ಟಿಲಲ್ಲಿ ಗದ್ದಿಗೆ ಹಾಕಿಸಿಕೊಂಡು ರಾಜ್ಯವಾಳಿದರು, ರಾತ್ರಿ ಮಲಗಲು ಮಾತ್ರ ವಾಡೆಗೆ ಇಳಿದು ಬರುತ್ತಿದ್ದರು. ಎಂಬತ್ತೆರಡನೇ ವಯಸ್ಸಿನಲ್ಲಿ ತುದಿಗೆ ಹೋಗಿ ಬರೆಸಿದ ಅವರ ಪಟ ನೋಡಿದರೆ ನಮ್ಮೂರ ಹುಡುಗಿಯರು ಇವತ್ತಿಗೂ ಸೆರಗು ಸರಿಮಾಡಿಕೊಳ್ಳುತ್ತಾರೆ.

ಆ ಪಟದ ಕಥೆಯನ್ನು ನಾನು ಗುಂಪಿಗೆ ಹೇಳಿ ಮುಗಿಸಿದಾಗ ಯಾರೋ ನನ್ನ ಸೆರಗು ಹಿಡಿದು ಎಳೆದರು. ನೀಲಗಂಗಮ್ಮ. ವಾಡೆಯ ಹಿಂದಿನ ಕೋಣೆಯಲ್ಲಿ ಆಳೆತ್ತರದ ಕಣಜವಿದೆ, ಅದರ ಮರೆಗೆ ನನ್ನನ್ನು ಕರೆದುಕೊಂಡು ಹೋದರು.

"ಫಕೀರವ್ವಾರ, ಮ್ಯಾಲ ಹೋದ್ರ ಖರೇ ವಯಸ್ಸು ಕಾಣತೈತೇನ್ರಿ?"

"ಕಾಣದ ಏನ್ರಿ! ಅದಕ್ಕಂತ ಮಂದಿ ಬರ್ತಾರ."

ಆಕೆ ಗೋಡೆಗೆ ಒರಗಿ ನಿಂತರು. "ಹಂಗಾರ ನಾ ಕೆಟ್ಟೆ. ನಾನು ನಮ್ಮನಿಯವರಿಗಿಂತ ಆರು ವರ್ಷ ದೊಡ್ಡಾಕಿ. ಅವರಿಗೆ ಗೊತ್ತಿಲ್ಲ."

ನಲವತ್ತೆಂಟು ವರ್ಷದ ಹಿಂದೆ ಮದುವೆಯಾದಾಗ ಅವರಿಗೆ ಇಪ್ಪತ್ತು, ಈಕೆಗೆ ಇಪ್ಪತ್ತಾರು. ಇಪ್ಪತ್ತಾರು ಅಂದರೆ ಆ ಕಾಲಕ್ಕೆ ಗಂಡಿನವರು ಹೊಸ್ತಿಲನ್ನೂ ತುಳಿಯುತ್ತಿರಲಿಲ್ಲ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಈಕೆಯ ತಾಯಿ ಅಷ್ಟು ತೊಂದರೆ ತೆಗೆದುಕೊಳ್ಳಲಿಲ್ಲ, ಒಂದೇ ಸುಳ್ಳಿನಲ್ಲಿ ಮುಗಿಸಿದಳು: ಹುಡುಗಿಗೆ ಹದಿನೆಂಟು. ಎಂಟು ವರ್ಷವನ್ನು ಪೂರ್ತಿ ನುಂಗಿಬಿಟ್ಟಳು. ಮೈ ಸಣ್ಣದಿತ್ತು, ಗಂಡಿನವರು ನಂಬಿದರು. ಆಮೇಲೆ ಶಾಲೆಯ ಹೆಡ್‌ಮಾಸ್ತರರಿಗೆ ಹೇಳಿ ಆ ಕಾಲದ ಅರ್ಧ ಜಿಲ್ಲೆ ಹುಟ್ಟಿದ ಜೂನ್ ಒಂದಕ್ಕೇ ಈಕೆಯನ್ನೂ ಹುಟ್ಟಿಸಿ ದಾಖಲೆ ಮಾಡಿಸಿದರು.

"ನನ್ನ ಬೆನ್ನಿಗೆ ಬಿದ್ದ ತಮ್ಮನ್ನ ಇವರ ಮುಂದ ನಲವತ್ತೆಂಟು ವರ್ಷದಿಂದ ಅಣ್ಣಾ ಅಂತ ಕರ್ಯಾಕತ್ತೇನ್ರಿ. ಆ ಖೋಡಿಗೆ ಅದು ಹಿಡಿಸಿಬಿಟ್ಟೈತಿ. ನಾಗರಪಂಚಮಿಗೆ ಹೋದ್ರ ಕಾಲು ಮುಂದ ಚಾಚಿ ಕುಂದರ್ತಾನ, ನಮಸ್ಕಾರ ಮಾಡು ಅಂತ!"

ನನಗೆ ನಗು ತಡೆಯಲಾಗಲಿಲ್ಲ. ಆಕೆ ನಗಲಿಲ್ಲ.

"ನಿಮಗ ನಗು ಬರತೈತಿ. ಮದುವ್ಯಾಗ ನಮ್ಮಪ್ಪ ಹಂಡೆ ಕೊಟ್ಟು ಮುಚ್ಚಳ ಕೊಡೋದು ಮರತಿದ್ದ. ಒಂದು ಮುಚ್ಚಳ. ಅದನ್ನ ಇವತ್ತಿಗೂ ವಾರಕ್ಕೊಮ್ಮೆ ಆಡತಾರ. ಎಂಟು ವರ್ಷ ಮುಚ್ಚಿಟ್ಟದ್ದು ಗೊತ್ತಾದ್ರ ಬಿಡ್ತಾರೇನ್ರಿ? ಇನ್ನ ನಾಕೋ ಆರೋ ವರ್ಷ ಉಳದಾವು ನನಗ. ಅವನ್ನೂ ಬೈಸ್ಕೋತ ಕಳೀಬೇಕೇನು?"

ಮುಪ್ಪಿನಲ್ಲಿ ಆರು ವರ್ಷ ಯಾರಿಗೂ ಕಾಣುವುದಿಲ್ಲ. ಕೆಳಗೆ ಇಬ್ಬರೂ ಒಂದೇ ಗೋಣಿಚೀಲದಲ್ಲಿ ಇಟ್ಟ ಬೆಲ್ಲದ ಹಾಗೆ ಸಮನಾಗಿಯೇ ಕಪ್ಪಾಗಿದ್ದರು. ಆದರೆ ತುದಿಯಲ್ಲಿ ಅವರು ಹದಿನೆಂಟಾಗುತ್ತಾರೆ, ಈಕೆ ಇಪ್ಪತ್ತನಾಲ್ಕು. ಕುರುಡನಿಗೂ ಗೊತ್ತಾಗುತ್ತದೆ. ಗುಡ್ಡವೇ ಹತ್ತಬೇಡಿ, ಮಂಡಿನೋವು ಅನ್ನಿ ಅಂದೆ. ಹೇಳಿ ನೋಡಿದ್ದರಂತೆ. "ಹತ್ತಿದ್ರ ಮಂಡಿನೋವು ಹೋಗತೈತಿ ಅಂತನ ಕರಕೊಂಡ ಬಂದೇನಿ" ಅಂದರಂತೆ ಗಂಡ. ಅದು ಸರಿಯೇ. ನಮ್ಮ ಗುಡ್ಡದಲ್ಲಿ ರೋಗದ ನೆಪ ಹೇಳಿ ಯಾರೂ ಪಾರಾಗಿಲ್ಲ.

ಇಪ್ಪತ್ತು ನಿಮಿಷ ತಲೆ ಕೆರೆದುಕೊಂಡೆ. ದೇಸಾಯರ ಅಡುಗೆಮನೆ ತೋರಿಸುವಾಗ ಉಪಾಯ ಹೊಳೆಯಿತು. ಎಂಟು ವರ್ಷಕ್ಕೆ ತೊಂಬತ್ತಾರು ಮೆಟ್ಟಿಲು. ಈಕೆ ಗಂಡನಿಗಿಂತ ಯಾವಾಗಲೂ ತೊಂಬತ್ತಾರು ಮೆಟ್ಟಿಲು ಮುಂದಿದ್ದರೆ, ಅವರು ಎಲ್ಲೇ ಇದ್ದರೂ ಈಕೆ ಅವರಿಗಿಂತ ಎರಡು ವರ್ಷ ಚಿಕ್ಕವಳಾಗಿಯೇ ಕಾಣುತ್ತಾಳೆ, ದಾಖಲೆಯಲ್ಲಿದ್ದ ಹಾಗೆಯೇ. ತುದಿಗೆ ತೊಂಬತ್ತಾರು ಮೆಟ್ಟಿಲು ಉಳಿದಿರುವಾಗ ಮಾಬೂಬಿಯ ಭಜಿ ಅಂಗಡಿ ಸಿಗುತ್ತದೆ. ಅಲ್ಲಿ ಗಂಡನನ್ನು ಕೂಡಿಸಿ ತಿನ್ನಿಸುತ್ತ ಇರುವುದು. ಹೆಂಡತಿ ತುದಿಗೆ ಹೋಗಿ ಕೂಸು ದೇವರಿಗೆ ಕೈಮುಗಿದು ಬರುವುದು. ಕೆಳಗಿನಿಂದ ಅವರು ನೋಡುತ್ತಾರೆ, ಮೇಲಿಂದ ಈಕೆ ಕೈ ಬೀಸುತ್ತಾರೆ, ಇಳಿಯುವಾಗ ಗಂಡನನ್ನು ಮೊದಲು ಕಳಿಸುವುದು, ಮುಗಿಯಿತು. ಹೇಳಿದೆ. ಆಕೆ ನನ್ನ ಎರಡೂ ಕೈ ಹಿಡಿದುಕೊಂಡರು. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಳ್ಳುವುದೊಂದು ಬಾಕಿ.

ಹತ್ತಲು ಶುರುಮಾಡಿದೆವು. "ಹೆಣ್ಮಕ್ಕಳು ಮುಂದ ಹೋಗಿ ದಾರ್ಯಾಗಿನ ನಾಗರಕಟ್ಟಿಗೆ ನೀರು ಹಾಕೋದು ನಮ್ಮೂರ ಪದ್ಧತಿ" ಎಂದು ಹಸಿ ಸುಳ್ಳು ಹೇಳಿ ನೀಲಗಂಗಮ್ಮನನ್ನು ಮುಂದೆ ಓಡಿಸಿದೆ. ಗೈಡಿನ ಬಾಯಿಂದ ಬಂದದ್ದೆಲ್ಲ ಸಂಸ್ಕೃತಿಯೇ, ಯಾರೂ ಕೇಳಲಿಲ್ಲ. ಮೊದಲ ನೂರು ಮೆಟ್ಟಿಲು ಏದುಸಿರು, ದೇವರ ಹೆಸರು. ಆಮೇಲೆ ಒಬ್ಬರು ಕೋಲು ಎಸೆದರು. ಇನ್ನೊಬ್ಬರು ಕನ್ನಡಕ ತೆಗೆದು ಜೇಬಿಗಿಟ್ಟರು. ನಡುದಾರಿಯಲ್ಲಿ ನನ್ನ ಡಬ್ಬಿಗೆ ಹಲ್ಲಿನ ಸೆಟ್ಟುಗಳು ಬಿದ್ದವು, ರುದ್ರಮುನಿಯಪ್ಪನವರದೂ ಸೇರಿ ಏಳು. ಅಲ್ಲಿಂದ ಮುಂದೆ ಹೊಟ್ಟೆಗಳು ಇಳಿಯತೊಡಗುತ್ತವೆ, ಪ್ಯಾಂಟು ಪಂಚೆ ಸಡಿಲಾಗುತ್ತವೆ. ಅದಕ್ಕೆಂದೇ ಚೀಲದಲ್ಲಿ ಲಾಡಿ ಇಟ್ಟುಕೊಂಡಿರುತ್ತೇನೆ, ಒಬ್ಬೊಬ್ಬರಿಗೂ ಒಂದೊಂದು ಕೊಟ್ಟೆ. ರುದ್ರಮುನಿಯಪ್ಪನವರ ಮೀಸೆ ಕಪ್ಪಾಯಿತು, ಎದೆ ಹೊರಗೆ ಬಂತು, ಹಾಡು ಗುನುಗತೊಡಗಿದರು. ಮೇಲೆ ದೂರದಲ್ಲಿ ಒಂದು ಹಸಿರು ಸೀರೆ ಮೆಟ್ಟಿಲು ಹತ್ತುತ್ತಿತ್ತು.

ಮಾಬೂಬಿಯ ಅಂಗಡಿ ಅಂದರೆ ನಾಲ್ಕು ಕಲ್ಲು, ಒಂದು ತಗಡು, ಒಂದು ಎಣ್ಣೆಯ ಬಾಣಲೆ. ಮಾಬೂಬಿಗೆ ಕೆಳಗೆ ಎಂಬತ್ತೊಂದು, ಅಂಗಡಿಯಲ್ಲಿ ಮೂವತ್ತೊಂಬತ್ತು. ಕೆಳಗೆ ಬಾ ಅಂದರೆ, "ಯಾಕ, ಸಾಯಾಕೇನು?" ಅನ್ನುತ್ತಾಳೆ. ಆಕೆಯ ಕೈಯ ಮೆಣಸಿನಕಾಯಿ ಭಜಿ ತಿಂದು ಮೊದಲ ಸಲ ಅಳದವರನ್ನು ನಾನು ಕಂಡಿಲ್ಲ. ಆದರೆ ನಮ್ಮೂರಲ್ಲಿ ಒಂದು ಮಾತಿದೆ: ಮೇಲೆ ತಿಂದವನು ಕೆಳಗೆ ನೆನೆಯುತ್ತಾನೆ. ಇಪ್ಪತ್ತಾರರ ಹಸಿವಿನಲ್ಲಿ ತಿಂದದ್ದನ್ನು ಅರವತ್ತೆಂಟರ ಹೊಟ್ಟೆ ಅರಗಿಸಬೇಕು. ಹಾಗಾಗಿ ತಲೆಗೆ ಎರಡೇ ಭಜಿ, ಅದು ನಿಯಮ. ಆ ದಿನ ನಾನೇ ಮಾಬೂಬಿಯ ಕಿವಿಯಲ್ಲಿ ಉಸುರಿದೆ, "ಈ ಮನಿಷ್ಯಾಗ ಬಿಡದ ಬಡಸು, ಏಳಬಾರದು."

"ತಿಂದು ಸತ್ರ?"

"ಸಾಯೂದಿಲ್ಲ, ಸರ್ಕಾರಿ ಮನಿಷ್ಯಾ."

ಮಾಬೂಬಿ ಬಡಿಸಿದಳು, ರುದ್ರಮುನಿಯಪ್ಪನವರು ತಿಂದರು. ಹತ್ತು ಆಯಿತು, ಹದಿನೈದು ಆಯಿತು. ಖಾರಕ್ಕೆ ಮೂಗು ಸೋರುತ್ತಿತ್ತು, ಕಣ್ಣಲ್ಲಿ ನೀರು, ಬಾಯಲ್ಲಿ "ಇನ್ನೊಂದು ಹಾಕು." ಇಪ್ಪತ್ತೆರಡನೆಯದನ್ನು ಬಾಯಿಗಿಟ್ಟುಕೊಳ್ಳುವಾಗ ಸುಮ್ಮನೆ ತಲೆ ಎತ್ತಿದರು. ಮೇಲೆ ತುದಿಯ ಕಟ್ಟೆಯ ಮೇಲೆ ನೀಲಗಂಗಮ್ಮ ನಿಂತಿದ್ದರು, ಹೇಳಿಕೊಟ್ಟಂತೆ ಕೈ ಬೀಸುತ್ತ. ಗಾಳಿಗೆ ಹಸಿರು ಸೆರಗು ಹಾರುತ್ತಿತ್ತು, ಬೆನ್ನ ಮೇಲೆ ಮೊಣಕಾಲು ಮುಟ್ಟುವ ಕಪ್ಪು ಜಡೆ. ಇಪ್ಪತ್ತನಾಲ್ಕರ ಹೆಂಗಸು. ಮದುವೆಯ ದಿನಕ್ಕಿಂತ ಎರಡು ವರ್ಷ ಮೊದಲಿನ ಹೆಂಡತಿಯನ್ನು ಅವರು ನೋಡುತ್ತಿರುವುದು ಅದೇ ಮೊದಲು.

ಅರ್ಧ ಕಚ್ಚಿದ ಭಜಿ ಕೈಯಲ್ಲಿ ಉಳಿಯಿತು. "ಅದು... ನಮ್ಮಾಕಿ ಏನ್ರಿ?"

"ಹೌದ್ರಿ. ಇಲ್ಲಿಂದನ ಚಂದ ಕಾಣತೈತಿ, ಕುಂದರ್ರಿ" ಅಂದೆ.

ಅರವತ್ತೊಂಬತ್ತು ವರ್ಷ ಬದುಕಿದ್ದೇನೆ, ಸಾವಿರ ಸಲ ಗುಡ್ಡ ಹತ್ತಿದ್ದೇನೆ. ಇಪ್ಪತ್ತಾರರ ಗಂಡಸು ಚಂದದ ಹೆಂಡತಿಯನ್ನು ಕಂಡಾಗ ಕುಂದರ್ರಿ ಅಂದರೆ ಕೂಡುವುದಿಲ್ಲ ಎಂಬುದು ಮಾತ್ರ ನನ್ನ ಜಾಣತನದ ಲೆಕ್ಕದಲ್ಲಿ ಇರಲಿಲ್ಲ. ಅವರು ಎದ್ದರು. ಎಣ್ಣೆಗೈ ಪ್ಯಾಂಟಿಗೆ ಒರೆಸಿಕೊಂಡರು. "ನೀಲೂ!" ಎಂದು ಕೂಗಿ ಎರಡೆರಡು ಮೆಟ್ಟಿಲು ಹಾರುತ್ತ ಓಡಿದರು. ನಾನು "ಸರ್, ಸರ್" ಎಂದು ಹಿಂದೆ ಓಡಿದೆ. ಮಾಬೂಬಿ ಬಾಣಲೆ ಬಿಟ್ಟು ನಿಂತು ನೋಡಿದಳು.

ಒಂದೊಂದು ಹಾರಿಗೆ ಎರಡೆರಡು ತಿಂಗಳು. ಮೂವತ್ತು ಮೆಟ್ಟಿಲಿಗೆ ಭುಜ ಸಣ್ಣಗಾಯಿತು. ಅರವತ್ತಕ್ಕೆ ಮೀಸೆ ತೆಳ್ಳಗಾಗಿ ಕಸಬರಿಗೆಯ ಹಳೆ ಕಡ್ಡಿಯಷ್ಟಾಯಿತು. ಕೊನೆಯ ಮೆಟ್ಟಿಲಲ್ಲಿ ಲಾಡಿ ಬಿಚ್ಚಿ, ಪ್ಯಾಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೀಲಗಂಗಮ್ಮನ ಮುಂದೆ ನಿಂತದ್ದು ಕೊಕ್ಕರೆಯಂಥ ಒಬ್ಬ ಹದಿನೆಂಟರ ಪೋರ. ಏನೋ ದೊಡ್ಡ ಮಾತು ಹೇಳಲೆಂದೇ ಓಡಿ ಬಂದಿದ್ದರು, ಹೊರಗೆ ಬಂದದ್ದು "ನೀರು" ಎಂಬ ಕೀರಲು ದನಿ. ನೀಲಗಂಗಮ್ಮ ಚಂಬಿನಿಂದ ನೀರು ಕೊಟ್ಟರು. ಅವರು ಕುಡಿದರು, ತಲೆ ಎತ್ತಿ ಆಕೆಯ ಮುಖ ನೋಡಿದರು, ತಗ್ಗಿಸಿ ತಮ್ಮ ಕಡ್ಡಿಗಾಲು ನೋಡಿಕೊಂಡರು. ಮತ್ತೆ ಆಕೆಯ ಮುಖ. ಮೇಲ್ತುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡರು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂದು ಹೇಳಿಕೊಳ್ಳಲಿಕ್ಕೆ ಅಲ್ಲಿ ಮೀಸೆಯೇ ಇರಲಿಲ್ಲ.

"ನೀ... ನನಗಿಂತ ದೊಡ್ಡಾಕಿ."

"ಹೌದ್ರಿ" ಅಂದರು ನೀಲಗಂಗಮ್ಮ.

ಹಿಂದೆ ಬಂದಿದ್ದ ಇಬ್ಬರು ಪ್ರವಾಸಿಗಳು ಫಕ್ಕನೆ ನಕ್ಕರು. ಅದೇ ಕೆಟ್ಟದ್ದಾಯಿತು. ರುದ್ರಮುನಿಯಪ್ಪನವರು ಪ್ಯಾಂಟು ಹಿಡಿದುಕೊಂಡು ತಿರುಗಿ ಇಳಿಯತೊಡಗಿದರು. ಇಳಿಯುತ್ತ ಇಳಿಯುತ್ತ ಮೀಸೆ ಬಂತು, ಮೀಸೆಯ ಜೊತೆ ದನಿ ಬಂತು. "ಮೋಸ! ನಿಮ್ಮಪ್ಪ ಮೋಸ ಮಾಡಿದ! ಮುಚ್ಚಳ ಕೊಡದಾಗನ ನನಗ ತಿಳೀಬೇಕಿತ್ತು!" ಮುನ್ನೂರನೇ ಮೆಟ್ಟಿಲಿಗೆ ಬರುವ ಹೊತ್ತಿಗೆ ಹೊಟ್ಟೆಯೂ ಬಂತು, ಅದರ ಹಿಂದೆ ಶಿರಸ್ತೇದಾರರೂ ಬಂದರು. "ದಾಖಲಾತಿ ತಿದ್ದೀರಿ! ಇದು ಅಪರಾಧ! ನಾಕು ಮಂದ್ಯಾಗ ಮರ್ಯಾದಿ ತಗದ್ರಿ!" ಹಲ್ಲಿನ ಡಬ್ಬಿ ಹಿಡಿದು ನಾನು ಹಿಂದೆಯೇ ಬರುತ್ತಿದ್ದೆ. ಹಲ್ಲು ಉದುರುವ ಮೆಟ್ಟಿಲು ಹತ್ತಿರ ಬಂತು, ಸೆಟ್ ತಗೊಳ್ರಿ ಅಂದೆ, ಕೈ ಝಾಡಿಸಿದರು. ಅಲ್ಲಿಂದ ಕೆಳಗೆ ಬೈಗುಳದಲ್ಲಿ ಗಾಳಿ ಮಾತ್ರ ಉಳಿಯಿತು. ಮಾವನ ಏಳು ತಲೆಮಾರನ್ನು ಬೊಚ್ಚುಬಾಯಲ್ಲಿ ಬಯ್ಯುವುದು ನೋಡಲು ಚಂದ, ಕೇಳಲು ಕಷ್ಟ.

ನನಗೆ ನಗು ಬರಲಿಲ್ಲ. ಉಪಾಯ ನನ್ನದು. ಆ ಹೆಂಗಸಿನ ನಲವತ್ತೆಂಟು ವರ್ಷದ ಗುಟ್ಟನ್ನು ನಾನೇ ಕೈಯಾರೆ ಎಣ್ಣೆಯಲ್ಲಿ ಕರಿದು ತೆಗೆದಿದ್ದೆ. ತಿರುಗಿ ನೋಡಿದರೆ ತುದಿಯ ಕಟ್ಟೆಯ ಮೇಲೆ ಹಸಿರು ಸೀರೆ ಕೂತಿತ್ತು, ಅಲುಗಾಡದೆ.

ಬುಡದ ಕಟ್ಟೆಯ ಮೇಲೆ ರುದ್ರಮುನಿಯಪ್ಪನವರು ಕೂತರು. ನಾನು ಡಬ್ಬಿ ಮುಂದಿಟ್ಟೆ, ಸೆಟ್ ಹಾಕಿಕೊಂಡರು. "ಅಕೀಗೆ ಹೇಳ್ರಿ, ಬಸ್ಸಿಗೆ ಬಾ ಅಂತ. ಮನಿಗೆ ಹೋಗಿ ಮಾತಾಡೂಣು" ಅಂದರು. ಆ ಮನೆಯ ಮಾತು ಎಂಥದ್ದಿರುತ್ತದೆ ಎಂದು ದನಿಯಲ್ಲೇ ಗೊತ್ತಾಗುತ್ತಿತ್ತು. ನಾನು ಉತ್ತರ ಕೊಡುವ ಮೊದಲೇ ಅವರ ಮುಖ ಬದಲಾಯಿತು. ಇಪ್ಪತ್ತೊಂದೂವರೆ ಭಜಿ ಅರವತ್ತೆಂಟರ ಹೊಟ್ಟೆಯಲ್ಲಿ ಎಚ್ಚೆತ್ತಿದ್ದವು. ಹಣೆಯಲ್ಲಿ ಬೆವರು ಮೂಡಿತು. ಹೊಟ್ಟೆ ಹಿಡಿದು ಎಡಕ್ಕೆ ವಾಲಿದರು, ಬಲಕ್ಕೆ ವಾಲಿದರು. ಆಮೇಲೆ ಹೊಟ್ಟೆಯಿಂದ ಬಂದ ಸದ್ದಿಗೆ ಮುದುಕ ದೇವರ ಗುಡಿಯ ಪಾರಿವಾಳಗಳು ಹಾರಿದವು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಶಿರಸ್ತೇದಾರರು ಎರಡನ್ನೂ ಕಲಿತಿರಲಿಲ್ಲ.

"ಸಾಯ್ತೀನಿ ಫಕೀರವ್ವಾರ."

"ಇಲ್ಲ್ರೀ. ಎರಡು ಔಷಧ ಅದಾವು. ಸೋಡಾ ಕುಡದು ನಾಳೆ ಮುಂಜಾನಿ ತನಕ ಹೊಳ್ಳಾಡೋದು ಒಂದು. ಇಲ್ಲಾ, ತಿಂದ ಜಾಗಕ್ಕ ವಾಪಸ್ ಹೋಗೋದು. ಅಲ್ಲಿ ಕಲ್ಲು ತಿಂದ್ರೂ ಅರಗತಾವ."

ಅವರು ಮೆಟ್ಟಿಲು ನೋಡಿದರು, ಮೇಲಿನ ಹಸಿರು ಚುಕ್ಕೆ ನೋಡಿದರು, ಹಲ್ಲು ಕಚ್ಚಿದರು. ಆದರೆ ಹೊಟ್ಟೆಗೆ ಮಾನ ಮರ್ಯಾದೆ ಗೊತ್ತಿಲ್ಲ. ಎದ್ದು ನನ್ನ ಹೆಗಲ ಮೇಲೆ ಕೈಯಿಟ್ಟು ಹತ್ತತೊಡಗಿದರು. ಮೊದಲ ಇನ್ನೂರು ಮೆಟ್ಟಿಲು ಮಾತಿಲ್ಲ, ನರಳಾಟ ಮಾತ್ರ. ನಾನೂ ಬಾಯಿ ಮುಚ್ಚಿಕೊಂಡಿದ್ದೆ, ಗೈಡಾದಮೇಲೆ ಅಷ್ಟು ಹೊತ್ತು ಸುಮ್ಮನಿದ್ದದ್ದು ಅದೇ ಮೊದಲು. ನಡುದಾರಿಯಲ್ಲಿ ಅವರ ಸೆಟ್ ಮತ್ತೆ ನನ್ನ ಡಬ್ಬಿಗೆ ಬಿತ್ತು. ನಾನೂರು ದಾಟಿದ ಮೇಲೆ ಹೆಗಲಿನ ಕೈ ಹಗುರವಾಯಿತು. ಮಾಬೂಬಿಯ ಅಂಗಡಿ ಮುಟ್ಟಿದಾಗ ಅವರು ನೆಟ್ಟಗೆ ನಿಂತು ಒಂದು ದೊಡ್ಡ ತೇಗು ತೇಗಿದರು. ಮುಗಿಯಿತು, ಹೊಟ್ಟೆ ಶಾಂತ.

ಮತ್ತೆ ಇಪ್ಪತ್ತಾರು. ಕಪ್ಪು ಮೀಸೆ, ಅಗಲ ಎದೆ. ಮೇಲೆ ತೊಂಬತ್ತಾರು ಮೆಟ್ಟಿಲಿನಾಚೆ ಇಪ್ಪತ್ತನಾಲ್ಕರ ಹೆಂಡತಿ. ಯಾರೇ ನೋಡಿದರೂ ಹೇಳಿ ಮಾಡಿಸಿದ ಜೋಡಿ. ಈಗ ನಾನು ಬಾಯಿ ಬಿಟ್ಟೆ.

"ಸರ್, ಹೊಟ್ಟಿ ಸರಿಯಾತು. ಇನ್ನ ಮ್ಯಾಲ ಹೋಗೋ ಕಾರಣ ಇಲ್ಲ. ಇಲ್ಲಿ ನಿಂತ್ರ ನೀವ ದೊಡ್ಡವರು, ಅವರು ಸಣ್ಣವರು. ಏನ್ ಬಯ್ಯಬೇಕಂತೀರಿ ಇಲ್ಲಿಂದನ ಬೈರಿ. ನಾ ಹೋಗಿ ಮುಟ್ಟಸ್ತೀನಿ. ಅವರ ಮಾತು ನಿಮಗ ತಂದು ಹೇಳ್ತೀನಿ. ಮನ್ಯಾಗೂ ಹಿಂಗ ಇರ್ರಿ, ದೂರ ದೂರ."

ಸಿಟ್ಟಿನಲ್ಲೇ ಅಂದೆ. ಅರ್ಧ ಸಿಟ್ಟು ಅವರ ಮೇಲೆ, ಅರ್ಧ ನನ್ನ ಮೇಲೆ. ಮಾಬೂಬಿ ಜಾಲರಿ ಸೌಟು ಎಣ್ಣೆಯಲ್ಲಿ ಬಿಟ್ಟು ನನ್ನನ್ನು ನೋಡಿದಳು, ಗಿರಾಕಿಗೆ ಹೀಗೆ ಮಾತಾಡುತ್ತಾರೇನು ಎಂಬಂತೆ. ರುದ್ರಮುನಿಯಪ್ಪನವರು ಮೇಲೆ ನೋಡುತ್ತ ಬಹಳ ಹೊತ್ತು ನಿಂತರು. ಬಾಣಲೆಯಲ್ಲಿದ್ದ ಭಜಿ ಕೆಂಪಾಗಿ ಕಪ್ಪಾಯಿತು. ಆಮೇಲೆ ಬಗ್ಗಿ ಲಾಡಿಯನ್ನು ಬಿಗಿಯಾಗಿ, ಎರಡು ಗಂಟು ಹಾಕಿ ಕಟ್ಟಿಕೊಂಡರು. ಹತ್ತತೊಡಗಿದರು.

ಈ ಸಲ ಓಡಲಿಲ್ಲ. ಒಂದೊಂದೇ ಮೆಟ್ಟಿಲು. ಭುಜ ಸಣ್ಣಗಾಗುವುದು, ಮೀಸೆ ತೆಳುವಾಗುವುದು ಅವರಿಗೆ ಗೊತ್ತಾಗುತ್ತಲೇ ಇತ್ತು. ಒಮ್ಮೆ ನಿಂತು ತುಟಿ ಮುಟ್ಟಿಕೊಂಡರು, ಮತ್ತೆ ಹತ್ತಿದರು. ಗುಂಪಿನ ತಲೆ ಎಣಿಸುವ ನೆಪದಲ್ಲಿ ನಾನೂ ಹಿಂದೆ ಹೋದೆ. ತುದಿಯಲ್ಲಿ ನೀಲಗಂಗಮ್ಮ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು. ಅತ್ತಿದ್ದರು, ಈಗ ಅಳುತ್ತಿರಲಿಲ್ಲ. ಗಂಡನನ್ನು ನೋಡಿ ಎದ್ದು ನಿಲ್ಲಲಿಲ್ಲ, ಒಂದಿಷ್ಟು ಸರಿದು ಜಾಗ ಕೊಟ್ಟರು. ಅವರು ಕೂತರು. ಕುಗ್ಗಿ ಕೂತದ್ದಕ್ಕೆ ಆಕೆಯ ಕಿವಿಯಷ್ಟೇ ಎತ್ತರ ಬಂದರು.

"ಖರೇ ಎಷ್ಟು ಈಗ ನಿನಗ?" ಒಡಕು ದನಿ.

"ಎಪ್ಪತ್ತನಾಕು."

ಅವರು ಬೆರಳು ಮಡಿಸಿ ಎಣಿಸಿದರು. ಶಿರಸ್ತೇದಾರಿಕೆ ಹದಿನೆಂಟರಲ್ಲೂ ಬಿಟ್ಟಿರಲಿಲ್ಲ. "ಹಂಗಾರ ನಾಕು ವರ್ಷದ ಹಿಂದ ಎಪ್ಪತ್ತು ತುಂಬಿತು."

"ತುಂಬಿತು."

"ನನ್ನ ಅರವತ್ತಕ್ಕ ಐನೂರು ಮಂದಿಗೆ ಊಟ ಹಾಕಿಸಿದ್ವಿ. ನಿನ್ನ ಎಪ್ಪತ್ತಕ್ಕ ಏನೂ ಮಾಡಲಿಲ್ಲ."

"ಮಾಡಿದ್ನೆಲ್ರೀ. ಶ್ರಾವಣದ ಎರಡನೇ ಸೋಮವಾರ. ಹೋಳಿಗಿ ಮಾಡಿದ್ದೆ. ಯಾಕ ಅಂತ ಯಾರಿಗೆ ಹೇಳ್ಲಿ? ಅಡಗಿಮನಿ ಬಾಗಲಾ ಹಾಕ್ಕೊಂಡು ಒಬ್ಬಾಕೀನ ತಿಂದೆ. ನಿಮಗೂ ಎರಡು ಬಡಿಸಿದ್ದೆ."

ಅವರು ನೆನಪು ಮಾಡಿಕೊಳ್ಳಲು ನೋಡಿದರು. "ನಾ ಏನ್ ಅಂದೆ?"

"ಬೆಲ್ಲ ಹೆಚ್ಚಾಗೇತಿ ಅಂದ್ರಿ."

ನಾನು ಆ ಕಡೆ ತಿರುಗಿ ಇಲ್ಲದ ಪ್ರವಾಸಿಗಳನ್ನು ಎಣಿಸಿದೆ. ಆ ಹುಡುಗ ಕಾಲು ಅಲ್ಲಾಡಿಸುತ್ತ ಕೂತಿದ್ದ, ತಲೆ ತಗ್ಗಿಸಿಕೊಂಡು.

"ಹೆಚ್ಚ ಆಗಿತ್ತು" ಅಂದ ಕೊನೆಗೆ. "ಬರೋ ಶ್ರಾವಣಕ್ಕೂ ಅಷ್ಟ ಬೆಲ್ಲ ಹಾಕು. ಈ ಸಲ ಬಾಗಲಾ ತಗದ ಇಡು."